ಡಬ್ಲಿನ್‌ಗೆ ಹೋಗಿ ಮಾತಾಡಿಸಿಕೊಂಡು ಬಂದೆ

ಡಬ್ಲಿನ್‌ನಲ್ಲಿ ನಾನು ನೋಡಿದ ಮೊದಲ ಪ್ರೇಕ್ಷಣೀಯ ಸ್ಥಳ ಒಂದು ಟೆಂಟು. ಅದರೊಳಗೆ ಗ್ಲೌಸ್ ತೊಟ್ಟ ಹುಡುಗಿಯೊಬ್ಬಳು ನನ್ನ ಮೂಗಿಗೆ ಕಡ್ಡಿ ಹಾಕಿ ಚೆನ್ನಾಗಿ ತಿರುವಿದಳು. ನನ್ನ ಕಣ್ಣಲ್ಲಿ ನೀರು. ಅವಳು "ಗ್ರ್ಯಾಂಡ್!" ಅಂದಳು.

ಅಳುತ್ತಿರುವವನಿಗೆ ಎಂಥ ಗ್ರ್ಯಾಂಡು? ಐರ್ಲೆಂಡಿನಲ್ಲಿ ಎಲ್ಲವೂ ಗ್ರ್ಯಾಂಡೇ ಅಂತ ಆಮೇಲೆ ಗೊತ್ತಾಯಿತು. ಮಳೆ ಬಂದರೂ ಗ್ರ್ಯಾಂಡು, ಬಸ್ಸು ತಪ್ಪಿದರೂ ಗ್ರ್ಯಾಂಡು.

ನಾನು ಹೊರಟಿದ್ದು ಅಮೆರಿಕಕ್ಕೆ, ಅಕ್ಕನ ಮಗನ ಮದುವೆಗೆ. (ಕೊರೊನಾ ಕೃಪೆಯಿಂದ ಆ ಮದುವೆ ಎಷ್ಟು ಸಲ ಮುಂದೆ ಹೋಗಿತ್ತೆಂದರೆ, ಕೊನೆಯ ಇನ್ವಿಟೇಶನ್ ಬಂದಾಗ ನಾವ್ಯಾರೂ ನಂಬಲೇ ಇಲ್ಲ.) ಅಮೆರಿಕದ ವಿಮಾನ ಹತ್ತುವ ಹಿಂದಿನ ದಿನ ಟೆಸ್ಟ್ ಮಾಡಿಸಿ ನೆಗೆಟಿವ್ ಅಂತ ತೋರಿಸಬೇಕಿತ್ತು. "ಹೇಗೂ ಎಲ್ಲಾದ್ರೂ ಇಳೀಲೇಬೇಕಲ್ಲ ಅಣ್ಣ, ಡಬ್ಲಿನ್‌ನಲ್ಲೇ ಇಳೀರಿ, ಒಂದು ದಿನ ನಮ್ಮನೇಲಿರಿ" ಅಂತ ಗಂಟುಬಿದ್ದವಳು ರಶ್ಮಿ.

ರಶ್ಮಿ ನನ್ನ ಗೆಳೆಯ ಗಿರಿಯ ತಂಗಿ. ಡಬ್ಲಿನ್ನಿನ ಅಂಚಿನ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ ಬಾಡಿಗೆ ಮನೆ, ಐಟಿ ಕೆಲಸ, ಗಂಡ ನವೀನ, ಮಗಳು ದಿಯಾ. ಗಿರಿ ಮೈಸೂರಿನಲ್ಲಿ ಸ್ಕೂಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ. ಎರಡನೇ ಅಲೆಯಲ್ಲಿ ಹೋಗಿಬಿಟ್ಟ. ರಶ್ಮಿಗೆ ಬರಲಾಗಲಿಲ್ಲ. ಅಣ್ಣನ ಚಿತೆಯನ್ನು ಅವಳು ನೋಡಿದ್ದು ಮೊಬೈಲಿನಲ್ಲಿ, ಅದೂ ನಡುನಡುವೆ ನೆಟ್‌ವರ್ಕ್ ಕೈಕೊಟ್ಟು.

ನಾನು ಮೊದಲೇ ತೀರ್ಮಾನ ಮಾಡಿದ್ದೆ. ಗಿರಿಯ ವಿಷಯ ಎತ್ತಬಾರದು. ವರ್ಷ ತುಂಬುತ್ತ ಬಂತು, ಹುಡುಗಿ ಸುಧಾರಿಸಿಕೊಂಡಿರುತ್ತಾಳೆ, ಯಾಕೆ ಸುಮ್ಮನೆ ಕೆದಕುವುದು? ಚಟ್ನಿಪುಡಿ, ಒಂದು ಬಾಕ್ಸ್ ಮೈಸೂರು ಪಾಕು ಹಿಡಿದುಕೊಂಡು ನಗುನಗುತ್ತಾ ಹೋದೆ. ಅವಳು ಬಾಕ್ಸ್ ಇಸಕೊಂಡು ಫ್ರಿಜ್ ಮೇಲಿಟ್ಟಳು. ತೆರೆಯಲಿಲ್ಲ. ತಿಂಡಿಗೆ ಬರೀ ಅವಲಕ್ಕಿ. ಕೇಸರಿಬಾತಿನ ಕನಸು ಕಂಡಿದ್ದ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಡಯಟ್ಟೇನೋ ಅಂದುಕೊಂಡೆ.

ರಜೆ ಹಾಕಿ ಊರು ತೋರಿಸಿದಳು. ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನಲ್ಲಿ, ಮುಂದಿನ ಸೀಟಿನಲ್ಲಿ ಕೂತು ಹೋದೆವು. ನದಿ ನೋಡಿದೆ. ಸೇತುವೆ ನೋಡಿದೆ. ಇನ್ನೊಂದು ಸೇತುವೆ ನೋಡಿದೆ. ಗಾಳಿಗೆ ಕೊಡೆ ತಿರುಚಿಕೊಂಡು ಹೋಯಿತು. ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ಹನ್ನೊಂದು ಥಮ್ಸಪ್ ಬಂತು. ಯೂರೋಪು ಮುಗಿಯಿತು.

"ಮತ್ತೇನಣ್ಣ ಮೈಸೂರಲ್ಲಿ?" ಅಂತ ರಶ್ಮಿ ಕೇಳಿದಳು. ರಿಂಗ್ ರೋಡಿನ ಟ್ರಾಫಿಕ್ ಬಗ್ಗೆ ಹೇಳಿದೆ. "ಮತ್ತೆ?" ಅಂದಳು. ಹವಾಮಾನದ ಬಗ್ಗೆ ಹೇಳಿದೆ. ಅವಳು ಕಿಟಕಿಯಾಚೆ ನೋಡಿದಳು. ಎಷ್ಟು ನಾಜೂಕಾಗಿ ಸಂಭಾಳಿಸಿದೆ ಅಂತ ನನಗೆ ನನ್ನ ಮೇಲೇ ಮೆಚ್ಚುಗೆ.

ಮನೆಗೆ ಬಂದರೆ ಪಕ್ಕದ ಮನೆಯ ಅಜ್ಜಿ ಬ್ರೀಡಾ ಕಸದ ಡಬ್ಬಿ ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ರಶ್ಮಿ ಪರಿಚಯ ಮಾಡಿಸಿದಳು, "ನಮ್ಮಣ್ಣನ ಫ್ರೆಂಡ್". ಅಜ್ಜಿ ಡಬ್ಬಿ ಅಲ್ಲೇ ಬಿಟ್ಟು ಬಂದು ನನ್ನ ಎರಡೂ ಕೈ ಹಿಡಿದರು. (ಸ್ಯಾನಿಟೈಸರ್, ಡಿಸ್ಟೆನ್ಸಿಂಗ್, ಯಾವ ಗೊಡವೆಯೂ ಇಲ್ಲ.) "ಗಿರಿಯ ಫ್ರೆಂಡಾ? ಅಯ್ಯೋ ಪಾಪ, ನಿಮಗೂ ಎಷ್ಟು ಕಷ್ಟವಾಗಿರಬೇಕು. ಹೇಗಿದ್ದರು ಅವರು? ತಮಾಷೆಯ ಮನುಷ್ಯ ಅಂತೆ, ಹೌದಾ?"

ಬೆಳಗ್ಗಿನಿಂದ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಗಿರಿಯ ಮುಖವನ್ನೇ ನೋಡದ ಮುದುಕಿಯ ಬಾಯಲ್ಲಿ ಮೊದಲ ನಿಮಿಷಕ್ಕೇ ಬಂತು.

ಒಳಗೆ ಹೋಗಿ ಟೀಗೆ ನೀರಿಟ್ಟು ರಶ್ಮಿ ಹೇಳಿದಳು. "ಅವತ್ತು ಮೈಸೂರಲ್ಲಿ ಬಾಡಿ ತಗೊಂಡು ಹೋಗೋದು ಎಷ್ಟೊತ್ತಿಗೆ ಅಂತ ಬ್ರೀಡಾ ಕೇಳಿದ್ರು ಅಣ್ಣ. ಯಾಕೆ ಅಂತ ಗೊತ್ತಾಗ್ಲಿಲ್ಲ. ಆ ಟೈಮಿಗೆ ನೋಡಿದ್ರೆ ಬೀದಿಯವರೆಲ್ಲ ಅವರವರ ಗೇಟ್ ಹತ್ರ ಬಂದು ನಿಂತಿದ್ರು."

ಅಲ್ಲಿನ ಪದ್ಧತಿಯಂತೆ. ಸಾವಾದರೆ ಊರೇ ಆ ಮನೆಗೆ ಬಂದು ಕೈಕುಲುಕುತ್ತದೆ. ಕೊರೊನಾದಲ್ಲಿ ಒಳಗೆ ಹೋಗುವಂತಿರಲಿಲ್ಲ, ಅದಕ್ಕೆ ಶವದ ವಾಹನ ಹೋಗುವಾಗ ರಸ್ತೆಯ ಪಕ್ಕ ನಿಲ್ಲುತ್ತಿದ್ದರು. ರಶ್ಮಿಯ ಬೀದಿಯಲ್ಲಿ ವಾಹನವೂ ಇಲ್ಲ, ಶವವೂ ಇಲ್ಲ. ಆದರೂ ನಿಂತರು.

"ನಮ್ಮವರು?" ಅಂದೆ.

"ಇಲ್ಲಿನ ಕನ್ನಡದವರ ಗ್ರೂಪಲ್ಲಿ ಎಲ್ರೂ ಓಂ ಶಾಂತಿ ಹಾಕಿದ್ರು. ಅದರ ಕೆಳಗೇ ಯಾರೋ, ಇಂಡಿಯನ್ ಶಾಪಿಗೆ ನುಗ್ಗೇಕಾಯಿ ಬಂದಿದ್ಯಾ ಅಂತ ಕೇಳಿದ್ರು." ಅವಳು ನಕ್ಕಳು. ನಗುತ್ತಲೇ ಅತ್ತಳು.

ಕೆಟ್ಟವರಲ್ಲ ಯಾರೂ. ಮೊದಲು ರೂಲ್ಸ್ ಅಡ್ಡ ಬಂತು. ರೂಲ್ಸ್ ಹೋದಮೇಲೆ, ಇಷ್ಟು ದಿನ ಬಿಟ್ಟು ಈಗ ಹೇಗಪ್ಪಾ ಹೋಗೋದು ಅನ್ನುವ ಸಂಕೋಚ. ನಾನೇ ಇನ್ನೇನು ಕಿಸಿದಿದ್ದೆ? ಸಾವಾದ ಮನೆಗೆ ಮೊದಲ ಸಲ ಕಾಲಿಡುವಾಗ ಸಿಹಿ ಹಿಡಿದು ಹೋಗಿದ್ದೆ! ನಮ್ಮಜ್ಜಿ ಇದ್ದಿದ್ದರೆ ಬಾಗಿಲಲ್ಲೇ ಬೆನ್ನಿಗೆ ಎರಡು ಬಿಡುತ್ತಿದ್ದರು.

ಆಮೇಲೆ ಗಿರಿಯ ಮಾತೇ ಮಾತು. ಗಿರಾಕಿಯ ಸ್ಕೂಟರ್ ಬಿಚ್ಚಿ, ಮತ್ತೆ ಜೋಡಿಸಿದಮೇಲೆ ಉಳಿದ ನಟ್ಟನ್ನು ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡಿದ್ದು. ತಂಗಿ ಏರ್‌ಪೋರ್ಟಿನಲ್ಲಿ ಒಳಗೆ ಹೋದಮೇಲೆ ಕಂಬದ ಹಿಂದೆ ನಿಂತು ಅತ್ತಿದ್ದು. ಇದು ಅವಳಿಗೆ ಗೊತ್ತೇ ಇರಲಿಲ್ಲ. "ನಿಜವಾಗ್ಲೂ ಅತ್ನಾ?" ಅಂತ ಮತ್ತೆ ಮತ್ತೆ ಕೇಳಿದಳು. ಟೀ ಆರಿತು. ನನಗೂ ಅಳು ಬಂತು, ಬರೆಯಲು ನಾಚಿಕೆಯೇನಿಲ್ಲ.

ಬೆಳಗ್ಗೆ ಟ್ಯಾಕ್ಸಿ ಬಂತು. ದಿಯಾ ಐರಿಷ್ ಧಾಟಿಯಲ್ಲಿ "ಸೇಫ್ ಹೋಮ್, ಅಂಕಲ್" ಅಂದಳು, ಜೋಪಾನವಾಗಿ ಮನೆ ಸೇರಿ ಅಂತ. ನಾನು ಬ್ಯಾಗ್ ಎತ್ತಿಕೊಂಡು, ರೂಢಿಯಂತೆ "ಹೋಗಿ..." ಅಂತ ಬಾಯಿ ತೆಗೆದೆ. ರಶ್ಮಿ ತಟ್ಟನೆ ಕೈ ಅಡ್ಡ ಹಿಡಿದಳು.

"ಹೇಳ್ಬೇಡಿ ಅಣ್ಣ. ಹಾಗೇ ಹೊರಡಿ."

ನಿಮಗೆ ಗೊತ್ತಿರುವುದೇ. ಯಾರ ಮನೆಯಿಂದ ಹೊರಟರೂ ನಾವು 'ಹೋಗಿ ಬರ್ತೀನಿ' ಅನ್ನುತ್ತೇವೆ. ಅನ್ನದಿದ್ದರೆ ಅವಮಾನ. ಸಾವಾದ ಮನೆಗೆ ಮಾತಾಡಿಸಲು ಹೋದಾಗ ಮಾತ್ರ ಹಾಗೆ ಹೇಳುವಂತಿಲ್ಲ. ಇಂಥದ್ದಕ್ಕೆ ಮತ್ತೆ ಬರುವಂತಾಗದಿರಲಿ ಅಂತ ಸುಮ್ಮನೆ ಎದ್ದು ಹೊರಡಬೇಕು.

"ಈ ಮನೆಗೆ ಬರ್ತ್‌ಡೇಗೆ ಬಂದ್ರು, ಹಬ್ಬಕ್ಕೆ ಬಂದ್ರು, ಎಲ್ರೂ ಬೈ ಹೇಳಿ ಹೋದ್ರು. ಗಿರಿಯಣ್ಣ ಹೋದ ಅಂತ ಯಾರೂ ಬರ್ಲಿಲ್ಲ. ನೀವಾದ್ರೂ ಅದಕ್ಕೇ ಬಂದವರ ಥರ ಹೊರಡಿ."

ಹೇಳದೆ ಹೊರಟೆ. ತಿರುಗಿ ನೋಡಲಿಲ್ಲ. ಟ್ಯಾಕ್ಸಿಯವನು ನಮ್ಮಿಬ್ಬರಿಗೂ ಜಗಳವಾಗಿದೆ ಅಂದುಕೊಂಡಿರಬೇಕು, ಏರ್‌ಪೋರ್ಟ್‌ವರೆಗೂ ನನ್ನನ್ನು ಮಾತಾಡಿಸಲಿಲ್ಲ.

ಮಾಸ್ಕ್ ತೆಗೆದು ಎಲ್ಲರೂ ಓಡಾಡಲು ಶುರುಮಾಡಿದ್ದೀವಲ್ಲ, ನೀವು ಹೀಗೆ ಹೇಳದೆ ಹೊರಡಬೇಕಾದ ಮನೆ ಇನ್ನೂ ಯಾವುದಾದರೂ ಉಳಿದಿದೆಯಾ?