ಪಾಪಯ್ಯನ ಹಿಮ್ಮಡಿ

ನಗರ ನುಂಗಿದ ಹೂಡಿಯಲ್ಲಿ ಈಗ ಕೆರೆ ನೀರು ಹಾಯುವ ಹೊಲ ಒಂದೂ ಉಳಿದಿಲ್ಲ. ಆದರೂ ನೀರುಗಂಟಿ ಪಾಪಯ್ಯ ಅಂದರೆ ಹಳಬರೆಲ್ಲ ಕೈಯೆತ್ತಿ ಮಾತಾಡಿಸುತ್ತಾರೆ. ಕೆರೆಯ ತೂಬು ಎತ್ತಿ, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸುತ್ತಿದ್ದವನು ಅವನೇ ತಾನೇ! ನೀರುಗಂಟಿಗೆ ಆ ಕೆರೆಯ ಕೆಳಗೆ ಸ್ವಂತ ಹೊಲ ಇರಕೂಡದು, ಹೊಲಕ್ಕೆ ಇಳಿಯುವಾಗ ಕಾಲಲ್ಲಿ ಮೆಟ್ಟು ಇರಕೂಡದು. ಇದು ಅವನಪ್ಪ ಕಲಿಸಿದ ಕಟ್ಟಳೆ. ಬರಿಗಾಲಿನ ಹಿಮ್ಮಡಿ ಊರಿ ತಿರುವಿದರೆ ಸಾಕು, ಪಾಪಯ್ಯ ಮಣ್ಣಿನ ಒಳಗೆ ಎಷ್ಟು ತೇವ ಇದೆ ಅಂತ ಹೇಳಿಬಿಡುತ್ತಿದ್ದ.

ಒಂದೇ ಒಂದು ವರ್ಷ ತಪ್ಪಿದ. ಕಾಲುವೆಯ ಕೊನೆಗೆ ಗೌರಮ್ಮನ ರಾಗಿ ಹೊಲ. ಹಿಂದಿನ ದಿನ ಸೋನೆ ಬಿದ್ದಿತ್ತು. ಅಷ್ಟು ದೂರ ಯಾರು ಇಳಿದು ಹೋಗುತ್ತಾರೆ ಅಂತ ಪಾಪಯ್ಯ ಬದುವಿನ ಮೇಲೆ ನಿಂತೇ ನೋಡಿದ. ಮಣ್ಣು ನೆನೆದು ಕಪ್ಪಗಿತ್ತು. ಸಾಕು ಅಂದು ತೂಬು ಮುಚ್ಚಿದ. ಗೌರಮ್ಮನ ತೆನೆಯೆಲ್ಲ ಜೊಳ್ಳಾಯಿತು. ಸುಗ್ಗಿಯಲ್ಲಿ ನೀರುಗಂಟಿಯ ಪಾಲು ಕೇಳಲು ಅವಳ ಕಣಕ್ಕೆ ಹೋಗುವ ಮುಖ ಅವನಿಗೆಲ್ಲಿತ್ತು? ಅವಳೇ ಕರೆದು, ತೂರಿ ತೂರಿ ಸಿಕ್ಕ ಒಂದಿಷ್ಟು ರಾಗಿಯಲ್ಲೇ ಒಂದು ಬೊಗಸೆ ಅವನ ಟವೆಲ್ಲಿಗೆ ಸುರಿದಳು.

"ನೀರ್ ಬುಟ್ಟೋನು ಬರಿಗೈಲಿ ಓಗಬಾರ್ದು ಕಣಪ್ಪ."

ಅಯ್ಯೋ, ಅವಳು ಬಾಯ್ತುಂಬ ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಗೌರಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವಳ ಹೊಲದ ಮೇಲೆ ಗಾಜಿನ ಆಫೀಸು ಎದ್ದಿದೆ. ತಮಾಷೆ ನೋಡಿ, ಪಾಪಯ್ಯನಿಗೆ ಈಗ ಕೆಲಸ ಅಲ್ಲೇ. ಉಪಗ್ರಹದ ಚಿತ್ರ ನೋಡಿ ಯಾವ ಹೊಲಕ್ಕೆ ನೀರು ಬೇಕು ಅಂತ ಮಾಲೂರು ಕಡೆಯ ರೈತರಿಗೆ ತಿಳಿಸುವ ಕಂಪನಿ ಅದು. ಚಿತ್ರ ಓದುವವಳು ಕೃಪಾ ಎಂಬ ಹುಡುಗಿ. ಮೇಲಿನಿಂದ ಕಂಡದ್ದು ನೆಲದ ಮೇಲೂ ನಿಜವೇ ಅಂತ ನಡೆದು ನೋಡಿ ಬರುವವನು ಪಾಪಯ್ಯ.

ಹೋದ ತಿಂಗಳು ಒಂದು ಬೆಳಿಗ್ಗೆ ಕೃಪಾ ಕರೆದಳು. "ತಾತ, ಕಾಲುವೆ ಕೊನೇ ಹೊಲಗಳು ಫುಲ್ ನೀಲಿ. ತೇವ ಸಕ್ಕತ್ತಾಗಿದೆ. ಈ ಸಲ ಅವರಿಗೆ ನೀರು ಬೇಡ ಅಂತ ಮೆಸೇಜ್ ಹಾಕ್ಬಿಡ್ತೀನಿ."

ಮಾಲೂರು ಕಡೆಯ ಆ ಊರಿನ ಕೆರೆಯಲ್ಲಿ ಉಳಿದದ್ದು ಒಂದು ಸರದಿಯ ನೀರು ಮಾತ್ರ. ರಾಗಿ ತೆನೆ ಕಟ್ಟುವ ಹೊತ್ತು. ಪಾಪಯ್ಯ ಅವಳ ಕೈ ತಡೆದ.

"ತಡಿ ತಾಯಿ, ನೆನ್ನೆ ಅಲ್ಲಿ ಸೋನೆ ಬಿದ್ದೈತೆ. ನಿನ್ ಮೇಲಿರೋ ಕಣ್ಣು ಬದುವಿನ್ ಮೇಲೆ ನಿಂತ್ಕಂಡು ನೋಡ್ತೈತೆ. ನಾನೂ ಅಂಗೇ ನೋಡಿ ಒಂದ್ ಮನೆ ಅನ್ನ ಕಳದಿವ್ನಿ."

ಇಬ್ಬರೂ ಜೀಪು ಹತ್ತಿ ಹೋದರು. ಕೊನೆಯ ಹೊಲ ಪಿಳ್ಳಮ್ಮ ಎಂಬಾಕೆಯದು. ಪಾಪಯ್ಯ ಚಪ್ಪಲಿ ಬಿಟ್ಟು ಇಳಿದ, ಹಿಮ್ಮಡಿ ಊರಿ ತಿರುವಿದ. ಮೇಲೆ ಎರಡು ಬೆರಳು ಹಸಿ, ಕೆಳಗೆ ಬರೀ ಧೂಳು. ಕೃಪಾ ಬಗ್ಗಿ ಮಣ್ಣು ಹಿಡಿದು ನೋಡಿದಳು, ಮುಖ ಸಪ್ಪಗಾಯಿತು.

"ಹೌದು ತಾತ, ಉಪಗ್ರಹಕ್ಕೆ ಕಾಣೋದೂ ಮೇಲಿನ ಎರಡು ಬೆರಳೇ. ನಾನೇ ಯೋಚಿಸ್ಬೇಕಿತ್ತು." ಅಲ್ಲೇ ನಿಂತು ತೂಬು ಎತ್ತಲು ಊರಿನವರಿಗೆ ಮೆಸೇಜ್ ಹಾಕಿದಳು.

ಸಂಜೆಯ ಹೊತ್ತಿಗೆ ನೀರು ಕಸಕಡ್ಡಿ ತಳ್ಳಿಕೊಂಡು ಬಂತು. ಕಾಲುವೆಯಲ್ಲಿ ನಿಂತಿದ್ದ ಪಾಪಯ್ಯನ ಪಾದ ಮುಟ್ಟಿತು. ಮುದುಕ ಮಗುವಿನ ಹಾಗೆ ಅತ್ತುಬಿಟ್ಟ.

"ಬಂತು ಕಣಕ್ಕಾ, ಗೌರಕ್ಕಾ, ಬಂತು."

ಪಿಳ್ಳಮ್ಮ ಬೆರಗಾಗಿ ಕೇಳಿದಳು, "ಗೌರಕ್ಕ ಯಾರಣ್ಣೋ?"

"ಅವ್ಳೂ ಕೊನೇ ಹೊಲದೋಳೇ ಕಣವ್ವ," ಅಂದ ಪಾಪಯ್ಯ. "ನೀರ್ ಬುಡೋದು ನಲವತ್ತೊರ್ಸ ತಡವಾಯ್ತು."