ಬಿಗಿದ ತಾಡಪಾಲಿನೊಳಗಿನ ನೀರು

ಕಣ್ಣಾರೆ ಕಾಣದ್ದನ್ನು ನಂಬುವ ಸ್ವಭಾವ ನನ್ನದಲ್ಲ. ದೆವ್ವದ ಮಾತೆತ್ತಿದವರನ್ನು ಗೇಲಿ ಮಾಡುತ್ತಿದ್ದವನು ನಾನು. ಈಗ ಯಾರಾದರೂ ಅಂಥದ್ದು ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನನ್ನದನ್ನೂ ಹೇಳುತ್ತೇನೆ, ನೀವು ನಂಬದಿದ್ದರೆ ಬೇಸರವಿಲ್ಲ.

ನಮ್ಮ ಕಡೆ ಇನ್ನೂ ಮೋಟಾರು ಕಾಣದ ಕಾಲ. ನನ್ನ ಸೋದರಮಾವ ಬಾಡಿಗೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ. ಮದುವೆಯಾದ ಹೊಸತರಲ್ಲಿ ನಾನೂ ಅವನ ಜೊತೆಗೇ ದುಡಿಯುತ್ತಿದ್ದೆ. ಆ ಸಲ ಮೊಳಕಾಲ್ಮೂರಿನ ನೇಕಾರರೊಬ್ಬರ ಮನೆಯಿಂದ ಚಳ್ಳಕೆರೆಯ ಮದುವೆ ಮನೆಗೆ ರೇಷ್ಮೆ ಸೀರೆಗಳ ಮೂಟೆ ಒಯ್ಯಬೇಕಿತ್ತು. ಧಾರೆ ಸೀರೆಯೂ ಅದರಲ್ಲೇ ಇತ್ತು.

ಹೊದಿಕೆ ಕಟ್ಟುವುದರಲ್ಲಿ ಮಾವ ಬಲು ಕಟ್ಟುನಿಟ್ಟು. ಎರಡು ತಾಡಪಾಲುಗಳಲ್ಲಿ ಗಾಡಿಯ ಹಿಂಬದಿಯದನ್ನು ಮೊದಲು ಹಾಸಿ, ಮುಂಬದಿಯದರ ಅಂಚು ಅದರ ಮೇಲೆ ಬರುವಂತೆ ಹೊದಿಸುತ್ತಿದ್ದ. ಇಲ್ಲವಾದರೆ ಎದುರುಗಾಳಿ ಒಳಗೆ ನುಗ್ಗುತ್ತದೆ. ಹಗ್ಗವನ್ನು ಇಬ್ಬರೂ ಎರಡು ಕಡೆಯಿಂದ ಜಗ್ಗಿ ಬಿಗಿದೆವು. ಕೊನೆಯ ಗಂಟನ್ನು ಮಾತ್ರ ಮಾಲು ಕೊಟ್ಟವರೇ ಹಾಕಬೇಕು, ಇಳಿಸಿಕೊಳ್ಳುವವರೇ ಬಿಚ್ಚಬೇಕು. ಅದು ನಮ್ಮ ಪದ್ಧತಿ. ನೇಕಾರರ ಮನೆಯ ಅಜ್ಜಿ ಗಂಟು ಹಾಕಿ, ಅದರ ಮೇಲೆ ಕೆಂಪು ರೇಷ್ಮೆ ಎಳೆ ಸುತ್ತಿ, "ಭದ್ರಂಗಾ ತಗಂಡು ಹೋಗ್ರಿ" ಎಂದಳು.

ರಾತ್ರಿ ದಾರಿಯಲ್ಲಿನ ಬಿ.ಜಿ. ಕೆರೆ ಎಂಬ ಊರಿನಲ್ಲಿ ತಂಗಿದೆವು. ಗಾಡಿಯ ಅಡಿಯಲ್ಲಿ ಮಲಗಿದ್ದ ನನಗೆ ಮೇಲೆ ನೀರು ತುಳುಕಿದಂಥ ಸದ್ದು ಕೇಳಿಸಿತು. ಎದ್ದು ತಾಡಪಾಲು ತಡವಿದೆ, ಒಣಗಿತ್ತು. ಆಕಾಶದ ತುಂಬ ನಕ್ಷತ್ರ.

"ಮಲ್ಕಳಲೇ, ಗಂಟು ಗಟ್ಟಿ ಐತೆ" ಎಂದ ಮಾವ.

ದಾರಿಯುದ್ದಕ್ಕೂ ಒಂದು ಹನಿ ಮಳೆಯಿಲ್ಲ. ಮರುದಿನ ಸಂಜೆ ಚಳ್ಳಕೆರೆಯಲ್ಲಿ, ನೆಂಟರಿಷ್ಟರೆಲ್ಲರ ಎದುರು ಮದುಮಗಳ ತಂದೆ ಅಜ್ಜಿ ಸುತ್ತಿದ್ದ ಕೆಂಪು ಎಳೆ ಕಿತ್ತು ಗಂಟು ಬಿಚ್ಚಿದರು. ಉಳಿದ ಸೀರೆಗಳೆಲ್ಲ ಗರಿಗರಿಯಾಗಿದ್ದವು. ನಡುವೆ ಇಟ್ಟಿದ್ದ ಧಾರೆ ಸೀರೆಯೊಂದೇ ತೊಟ್ಟಿಕ್ಕುತ್ತಿತ್ತು. ಅಂಚಿನ ಕೆಂಪು ಒಡಲಿಗೆಲ್ಲ ಹಬ್ಬಿತ್ತು.

"ಹೊದಿಕೆ ಕಟ್ಟಾಕೂ ಬರಲ್ವೇನ್ರಿ ನಿಮಗೆ?" ಎಂದರು ಅವರು.

ಮಾವ ಕೈ ಮುಗಿದ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. ತಪ್ಪು ಮಾಡದೆಯೂ ಇಷ್ಟು ನಾಚಿಕೆಯಾಗುತ್ತದೆಂದು ಗೊತ್ತಾದದ್ದು ಅಂದೇ. ಆಗ ಮದುಮಗಳೇ ಮುಂದೆ ಬಂದು, "ಬಿಡಪ್ಪ, ಒಣಗಾಕಿ ಇದ್ನೇ ಉಟ್ಕಂತೀನಿ" ಎಂದಳು. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ಹುಡುಗಿಯ ಕರುಣೆಯನ್ನು ತಡೆದುಕೊಳ್ಳಲಾಗಲಿಲ್ಲ.

ಆ ನೀರು ಎಲ್ಲಿಂದ ಬಂತು? ಎಷ್ಟು ತಲೆ ಕೆಡಿಸಿಕೊಂಡರೂ ನನಗೆ ಇಂದಿಗೂ ತಿಳಿದಿಲ್ಲ. ಮಾವ ಮತ್ತೆಂದೂ ಬಟ್ಟೆಯ ಬಾಡಿಗೆ ಹಿಡಿಯಲಿಲ್ಲ. ಬರೀ ಕಲ್ಲು ಹೇರಿದ. ಆ ಕಲ್ಲಿಗೂ ತಾಡಪಾಲು ಹೊದಿಸಿ ಬಿಗಿಯುತ್ತಿದ್ದ. ನೋಡಿದವರು ನಗುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಇನ್ನೊಂದು ಕಡೆಯ ಹಗ್ಗ ಜಗ್ಗುತ್ತಿದ್ದೆ.