ಕೈ ಮುಗಿದವನ ಮೇಲೆ ಒಂದು ಬಕೆಟ್ ನೀರು

ಮೊನ್ನೆ ಭಾನುವಾರ ಮುಂಜಾನೆ ನೀರಡಿಸಿ ಅಡುಗೆಮನೆಗೆ ಹೋದವನು ಕಟ್ಟೆಯ ಮೇಲಿದ್ದ ತಂಬಿಗೆ ಎತ್ತಿ ಗಟಗಟ ಕುಡಿದೆ. ಎರಡು ಗುಟುಕು ಇಳಿದ ಮೇಲೆ ತುಟಿಗೆ ಏನೋ ಮೆತ್ತಗೆ ತಾಗಿತು. ಮಲ್ಲಿಗೆ ಮೊಗ್ಗು. ಬಾಡಬಾರದೆಂದು ನನ್ನ ಹೆಂಡತಿ ಶಾಂತಾ ಮಾಲೆಯನ್ನು ಅದರಲ್ಲಿ ಇಟ್ಟಿದ್ದಳು.

"ನೋಡಿ ಕುಡೀಬಾರದೇನ್ರಿ, ಹೂವಿನ ನೀರದು" ಎಂದಳು.

ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ನನಗೆ ಮಲ್ಲಿಗೆ ನೆನೆದ ನೀರಿನ ವಾಸನೆ ಬಂದರೆ ಮುಖ ಬಿಸಿಯಾಗುತ್ತದೆ. ಅದೇಕೆ ಎಂದು ನಿಮಗೆ ಹೇಳಬೇಕಾದರೆ ರೋಣದಿಂದ ಥೈಲ್ಯಾಂಡಿಗೆ ಹೋಗಬೇಕು. ಗಾಬರಿಯಾಗಬೇಡಿ, ನಾನೂ ಹಾಗೆಯೇ ದಿಢೀರನೆ ಹೋದವನು.

ನನ್ನದು ರೋಣದ ಬಜಾರದಲ್ಲಿ ಬೀಜ, ಗೊಬ್ಬರ, ಔಷಧದ ಅಂಗಡಿ. ಒಂದು ವರ್ಷ ಕಡಲೆ ಬಿತ್ತನೆ ಚಲೋ ಆಗಿ, ಬೀಜದ ಕಂಪನಿಯೊಂದು ನಮ್ಮ ಕಡೆಯ ಅಂಗಡಿಕಾರರನ್ನು ಜೋಡಿಯಾಗಿ ಥೈಲ್ಯಾಂಡಿಗೆ ಕರೆದೊಯ್ಯಿತು. ನರಗುಂದದವರಿದ್ದರು, ಗಜೇಂದ್ರಗಡದಿಂದ ನನ್ನ ಹಳೆಯ ಗೆಳೆಯ ಈರಣ್ಣನಿದ್ದ. ಶಾಂತಾ ಒಂದು ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ವಿಮಾನದಲ್ಲಿ ನಾನು ಬೆಲ್ಟ್ ಬಿಚ್ಚದೆ ಕೂತಿದ್ದನ್ನು ಈರಣ್ಣ ಇವತ್ತಿಗೂ ಆಡಿಕೊಳ್ಳುತ್ತಾನೆ. ಅದು ಇರಲಿ.

ನಾವು ಹೋದಾಗ ಅಲ್ಲಿ ಸೋಂಗ್‌ಕ್ರಾನ್, ಅವರ ಹೊಸ ವರ್ಷ. ನಮ್ಮ ಯುಗಾದಿಯ ಆಸುಪಾಸಿನ ಸುಡುಬಿಸಿಲಿನಲ್ಲೇ ಬರುವ ಹಬ್ಬ. ಊರಿಗೆ ಊರೇ ಬೀದಿಗಿಳಿದು ಒಬ್ಬರ ಮೇಲೊಬ್ಬರು ನೀರು ಎರಚುತ್ತಾರೆ. ನಳದ ನೀರಿಗೆ ದಿನಗಟ್ಟಲೆ ಕಾದು, ಬಂದ ದಿನ ಚೊಂಬು ಕೂಡ ಬಿಡದೆ ತುಂಬಿಡುವ ನಮಗೆ ಮೊದಲು ಹೊಟ್ಟೆ ಉರಿಯಿತು. "ಇಷ್ಟು ನೀರು ನಮ್ಮೂರಾಗ ಇದ್ದಿದ್ರ" ಎಂದು ಈರಣ್ಣ ನಿಟ್ಟುಸಿರು ಬಿಟ್ಟ. ಐದು ನಿಮಿಷದ ಮೇಲೆ ಅವನ ಕೈಯಲ್ಲೂ ಬಕೆಟ್, ನನ್ನ ಕೈಯಲ್ಲೂ ಬಕೆಟ್. ಐವತ್ತು ದಾಟಿದ ಇಬ್ಬರು ಗೃಹಸ್ಥರು ಹುಡುಗರಿಗಿಂತ ಕಡೆಯಾಗಿ ಕುಣಿದೆವು. ಖರೇ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಇಲ್ಲಿ ನಮ್ಮೂರಿನ ಹೋಳಿಯ ಒಂದು ರೂಢಿ ಹೇಳಬೇಕು. ಬಣ್ಣದ ದಿನ ಯಾರಾದರೂ ಕೈ ಮುಗಿದು "ಬ್ಯಾಡ್ರೋ" ಅಂದರೆ ಅವರಿಗೆ ಒಂದು ಬಕೆಟ್ ಹೆಚ್ಚು. ನಮ್ಮ ಓಣಿಯ ದೊಡ್ಡಪ್ಪ ಒಬ್ಬರು ಹರಕು ಅಂಗಿ ತೊಟ್ಟು, ಬಾಗಿಲಲ್ಲೇ ಕೈ ಮುಗಿದು ನಿಲ್ಲುತ್ತಿದ್ದರು. ಒಂದು ವರ್ಷ ಯಾರೋ ನಿಜಕ್ಕೂ ಬಿಟ್ಟು ಹೋದರೆಂದು ಸಂಜೆಯವರೆಗೆ ಮುನಿಸಿಕೊಂಡಿದ್ದರು. ಕೈ ಮುಗಿದವರನ್ನು ಬಿಡಬಾರದು, ಅದು ನಮ್ಮ ಆಟದ ಕಾನೂನು.

ಆ ಕಾನೂನನ್ನು ನಾನು ಪಾಸ್‌ಪೋರ್ಟಿನ ಜೊತೆಗೇ ಒಯ್ದಿದ್ದೆ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಆ ತುದಿಯಿಂದ ಒಬ್ಬ ಅಜ್ಜ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಣಿಕಟ್ಟಿನಲ್ಲಿ ಮಲ್ಲಿಗೆಯ ಮಾಲೆ, ಎದೆಗೆ ಅವುಚಿಕೊಂಡ ಬಿಳಿ ಬಟ್ಟೆಯ ಗಂಟು. ನನ್ನೆದುರು ಬಂದವನು ಆ ಗಂಟಿನ ಮೇಲೆಯೇ ಕೈ ಜೋಡಿಸಿ, ತಲೆ ಬಾಗಿಸಿ ನಕ್ಕ. ಈರಣ್ಣ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತ, "ಹಾಕ್ರಿ ಅಣ್ಣಾರ, ಕೈ ಮುಗದಾನ" ಎಂದ. ನಾನು ತುಂಬಿದ ಬಕೆಟನ್ನು ಅಜ್ಜನ ಎದೆಗೇ ಎತ್ತಿ ಹೊಡೆದೆ.

ಅಜ್ಜ ಅಲ್ಲೇ ಕೂತು ಗಂಟು ಬಿಚ್ಚಿದ. ಒಳಗೆ ರಟ್ಟಿಗೆ ಅಂಟಿಸಿದ ಒಂದು ಹಳೆಯ ಫೋಟೋ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಜೊತೆಗಿದ್ದ ಗೈಡ್ ಹುಡುಗಿ ತನ್ನ ಹರಕು ಮುರುಕು ಹಿಂದಿಯಲ್ಲಿ ಹೇಳಿದಳು. ಅದು ಅಜ್ಜನ ತೀರಿಹೋದ ಹೆಂಡತಿಯ ಫೋಟೋ. ಈ ಹಬ್ಬದಲ್ಲಿ ಮನೆಯ ಹಿರಿಯರ ಫೋಟೋ, ಅಸ್ಥಿ ಒಯ್ದು, ಗುಡಿಯಲ್ಲಿ ಅವರ ಹೆಸರಿನಲ್ಲಿ ಭಿಕ್ಷುಗಳಿಂದ ಮಂತ್ರ ಹೇಳಿಸುತ್ತಾರೆ. ಅಜ್ಜ ಅಲ್ಲಿಗೆ ಹೊರಟಿದ್ದ.

ಶಾಂತಾ ಎಲ್ಲಿದ್ದಳೋ, ಓಡಿ ಬಂದಳು. ಅಜ್ಜನ ಎದುರು ಕೂತು ಸೀರೆಯ ಸೆರಗಿನಿಂದ ಆ ಫೋಟೋ ಒತ್ತಿ ಒತ್ತಿ ಒರೆಸಿದಳು. ನಾನು ಬಕೆಟ್ ಹಿಡಿದು ನಿಂತೇ ಇದ್ದೆ, ಅವರತ್ತ ನೋಡದೆ ಬಕೆಟ್ಟಿನ ತಳ ನೋಡುತ್ತ. ಸ್ವಲ್ಪ ಹೊತ್ತಿಗೆ ಅಜ್ಜ ಎದ್ದು, ನನ್ನ ಒದ್ದೆ ತಲೆಯ ಮೇಲೆ ಕೈ ಇಟ್ಟು ಏನೋ ಹೇಳಿದ. ಅವನ ಮಣಿಕಟ್ಟಿನ ನೆನೆದ ಮಲ್ಲಿಗೆ ನನ್ನ ಮೂಗಿನ ಹತ್ತಿರವೇ ಇತ್ತು.

"ಹೊಸ ವರ್ಷ ನಿಮಗೆ ಒಳ್ಳೆಯದಾಗಲಿ ಅಂತಾರೆ" ಎಂದಳು ಗೈಡ್. ಅವನು ಬೈದಿದ್ದರೆ ನಾನು ಎಂದೋ ಮರೆಯುತ್ತಿದ್ದೆ.

ಊರಿಗೆ ಬಂದ ಮೇಲೆ ಏನು ಮಾಡಿದೆ ಗೊತ್ತೇ? ಅದನ್ನು ನಗೆಯ ಕಥೆ ಮಾಡಿದೆ. ಈರಣ್ಣನ ವಿಡಿಯೋ ಬಕೆಟ್ ಎತ್ತಿ ಹೊಡೆಯುವಲ್ಲಿಗೇ ನಿಲ್ಲುತ್ತದೆ, ನನ್ನ ಕಥೆಯೂ ಅಲ್ಲಿಗೇ ನಿಂತಿತು. ಅಂಗಡಿಗೆ ಬಂದ ಮೆಣಸಗಿಯ ರೈತರಿಗೆ ಹೇಳಿದೆ, ರಾಜೂರಿನ ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಶಾಂತಾ ಮಾತ್ರ ಮನೆಯಲ್ಲಿ ನಾನು ಅದನ್ನು ಹೇಳತೊಡಗಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಸಲವೂ "ಅದು ಹಂಗಾಗಲಿಲ್ಲ" ಎನ್ನಲಿಲ್ಲ. ಅವಳ ಆ ಮೌನ ನನ್ನ ಮಾನ ಕಾಯುತ್ತಿದೆ ಎಂದು ಗೊತ್ತಿದ್ದೂ ಹೇಳುತ್ತಲೇ ಇದ್ದೆ. ನಗಿಸುವ ಚಟ ಕೆಟ್ಟದ್ದು ನೋಡಿ.

ಮೊನ್ನೆ ಅದೇ ಭಾನುವಾರ ಸಂಜೆ ಈರಣ್ಣ ತನ್ನ ಹೊಸ ಅಳಿಯನನ್ನು ಕರೆದುಕೊಂಡು ಬಂದ. ಅವಲಕ್ಕಿ ತಿಂದಾದ ಮೇಲೆ, "ಅಣ್ಣಾರ, ನಮ್ಮ ಅಳಿಯಾಗ ಆ ಅಜ್ಜನ ಕಥಿ ಹೇಳ್ರಿ" ಎಂದು ಮೊಬೈಲ್ ತೆಗೆದ. ಚಹಾ ತಂದಿಟ್ಟ ಶಾಂತಾ ಎಂದಿನಂತೆ ಒಳಗೆ ತಿರುಗಿದಳು. ಅವಳ ಮುಡಿಯಲ್ಲಿ ಮುಂಜಾನೆಯ ಮಲ್ಲಿಗೆ ಇತ್ತು.

"ನಾ ಹಾಕಬಾರದಿತ್ತು" ಎಂದೆ. ಈರಣ್ಣ ಇನ್ನೂ ನಗುತ್ತಲೇ ಇದ್ದ. "ಕೈ ಮುಗದಾನಂತ ಹಾಕಿದ್ನಿ ಅಂತ ಎಲ್ಲಾರಿಗೂ ಹೇಳೇನಿ. ಆದ್ರ ನಾ ನೋಡಿದ್ದೆ ಈರಣ್ಣಾ. ಅಂವ ಬರೂಮುಂದ ಅಲ್ಲಿ ಹುಡುಗೂರು ಬಕೆಟ್ ಕೆಳಗ ಇಟ್ಟು ದಾರಿ ಬಿಟ್ರು. ಒಬ್ಬ ಹುಡುಗಿ ಮಾತ್ರ ಬೊಗಸಿ ನೀರು ಅವನ ಹೆಗಲ ಮ್ಯಾಲೆ ಮೆಲ್ಲಕ ಬಿಟ್ಲು. ಅದನ್ನೆಲ್ಲಾ ನೋಡೇ ಹಾಕಿದ್ನಿ. ನೀ ವಿಡಿಯೋ ತಗೀತಿದ್ದೆಲ್ಲ, ಅದಕ್ಕ." ಆಮೇಲೆ ಅಳಿಯನಿಗೆ ಫೋಟೋದ ಸಂಗತಿಯನ್ನೂ ಹೇಳಿದೆ.

ಈರಣ್ಣ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಶಾಂತಾ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಹೋಗಿರಲಿಲ್ಲ.

"ಆ ಫೋಟೋದಾಗಿನ ಅವ್ವನ ತಲ್ಯಾಗೂ ಮಲ್ಲಿಗಿ ಇತ್ತ್ರಿ" ಎಂದಳು. "ನಾ ಒರಸೂಮುಂದ ಮಾರಿ ಅಳಿಸಿಹೋತು. ಹೂವಷ್ಟ ಉಳೀತು."

ಇಷ್ಟು ವರ್ಷ ಇದನ್ನು ಅವಳೊಬ್ಬಳೇ ಇಟ್ಟುಕೊಂಡಿದ್ದಳು. ನಾನು ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟೆ. ಅವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.